ಒಂಟೆಗಳ ಕಾಲಡಿಯ ಧೂಳು

ಒರೆಸಿದಲ್ಲೆಲ್ಲ ಧೂಳು ಸಲೀಸಾಗಿ ಬಟ್ಟೆಗೆ ಬರುತ್ತಿತ್ತು. ನಹ್ಲಾಳಿಗೆ ಖುಷಿಯೋ ಖುಷಿ.

ಬೆಳಿಗ್ಗೆ ಬೀಸಿದ ಗಾಳಿಗೆ ಮರುಭೂಮಿಯೇ ಎದ್ದು ಬಂದು ಮದೀನತ್ ಖಲೀಫಾ ಬಡಾವಣೆಯಲ್ಲಿದ್ದ ಅವಳ ಅಪ್ಪನ, ಅಂದರೆ ಉಪ್ಪನ, ಫ್ರೇಮ್ ಅಂಗಡಿಯೊಳಗೆ ಕೂತ ಹಾಗಿತ್ತು. ಗಾಜುಗಳನ್ನು ಒರೆಸಿಯಾಯಿತು. ಗೋಡೆಯ ಫ್ರೇಮುಗಳನ್ನು ಒರೆಸಿಯಾಯಿತು. ಕೊನೆಗೆ ಮೇಜಿನ ಮೇಲಿದ್ದ ದೊಡ್ಡ ಚಿತ್ರ. ಅದಕ್ಕೆ ಮುಚ್ಚಿದ್ದ ತೆಳು ಕಾಗದವನ್ನು ಅವಳೇ ತೆಗೆದಿಟ್ಟಿದ್ದಳು.

ಬಟ್ಟೆ ಕೊಡವಲು ಹೊರಟವಳು ತಟ್ಟನೆ ನಿಂತಳು. ಬಟ್ಟೆಗೆ ಅಂಟಿದ ಧೂಳು ಗುಲಾಬಿ ಬಣ್ಣದ್ದು. ನಡುನಡುವೆ ನೇರಳೆ.

ಮರಳು ಎಲ್ಲಾದರೂ ನೇರಳೆ ಇರುತ್ತದೆಯೇ?

ಚಿತ್ರವನ್ನು ನೋಡಿದಳು. ಒಂಟೆಗಳ ಕಾಲಡಿಯ ಬಣ್ಣ ಮಾಯವಾಗಿತ್ತು.

"ಉಪ್ಪಾ..." ಎಂದಳು. ಒಳಗಿನಿಂದ ಗಾಜು ಕೊಯ್ಯುವ ಕರ್ರ್ ಸದ್ದು ಮಾತ್ರ ಬಂತು.

ಅದು ಫಿಡೆಲಿಸ್ ಅಂಕಲ್ ಬಿಡಿಸಿದ ಚಿತ್ರ. ಅವರು ಮಂಗಳೂರಿನವರು. ವಾರವೆಲ್ಲ ಆಫೀಸಿನಲ್ಲಿ ಪೈಪುಗಳ ಪ್ಲಾನ್ ಬರೆಯುತ್ತಾರೆ. ಶುಕ್ರವಾರ ಬಂತೆಂದರೆ ಬೆಳಕು ಹರಿಯುವ ಮೊದಲೇ ಅಲ್ ರಯ್ಯಾನ್ ದಾಟಿ ಒಂಟೆ ಫಾರ್ಮುಗಳಿಗೆ ಹೋಗುತ್ತಾರೆ. ಬೇರೆಯವರು ಕೋಟೆ, ಗಿಡುಗ, ಹಾಯಿದೋಣಿ ಅಂತ ಬಿಡಿಸಿದರೆ, ಇವರ ಚಿತ್ರದಲ್ಲಿ ಒಬ್ಬ ಪಿಕಪ್‌ನಿಂದ ಹುಲ್ಲಿನ ಕಟ್ಟು ಇಳಿಸುತ್ತಿರುತ್ತಾನೆ. ಇನ್ನೊಬ್ಬ ಟ್ಯಾಂಕರಿನ ಪೈಪ್ ಎಳೆಯುತ್ತಿರುತ್ತಾನೆ.

"ಇವರು ಒಂಟೆ ಕೌಬಾಯ್‌ಗಳು" ಎಂದಿದ್ದರು ಅಂಕಲ್ ಒಮ್ಮೆ.

"ಮತ್ತೆ ಗನ್ ಎಲ್ಲಿ ಅಂಕಲ್?"

"ಒಂಟೆಗೆ ಹುಲ್ಲು ಹಾಕ್ಲಿಕ್ಕೆ ಗನ್ ಎಂತಕ್ಕೆ ಮಾರಾಯ್ತಿ?"

ಇವತ್ತು ಸಂಜೆ ಮಗ್ರಿಬ್ ನಮಾಜ್ ಆದ ಮೇಲೆ ಒಂದು ಹೋಟೆಲಿನ ಹಾಲಿನಲ್ಲಿ ಅವರ ಚಿತ್ರಗಳ ಪ್ರದರ್ಶನ. ಅವರ ಬಾಳಿನಲ್ಲೇ ಮೊದಲನೆಯದು. ಈ ದೊಡ್ಡ ಚಿತ್ರ ಬಾಗಿಲಿನ ಎದುರಿಗೇ ಇರಬೇಕಂತೆ.

ಕಾಗದ ಮುಚ್ಚಿಬಿಟ್ಟರೆ? ಉಪ್ಪ ನೋಡದೆ ಗಾಜು ಕೂರಿಸಿಯಾರು. ನಹ್ಲಾ ಕಾಗದ ಎತ್ತಿಕೊಂಡಳು. ಇನ್ನೊಮ್ಮೆ ಚಿತ್ರದ ಕಡೆ ನೋಡಿದಳು.

ಬೆಳಿಗ್ಗೆ ನೋಡಿದಾಗ ಟೋಪಿ ಹಾಕಿದವನೊಬ್ಬನ ಜೊತೆ ಒಂಟೆಗಳು ನಡೆಯುತ್ತಿದ್ದವು. ಸೂರ್ಯ ಹುಟ್ಟುವ ಕಡೆಗೆ, ಕನಸಿನಲ್ಲಿ ನಡೆದ ಹಾಗೆ, ಸದ್ದೇ ಇಲ್ಲದೆ. ಎಷ್ಟೋ ಹೊತ್ತು ಅವುಗಳ ಜೊತೆ ತಾನೂ ನಡೆಯುತ್ತಿದ್ದೇನೆ ಅಂತ ಅವಳಿಗೆ ಅನಿಸಿತ್ತು. ಈಗ ಒಂದೊಂದು ಕಾಲೂ ಪಾದದವರೆಗೆ ಕಾಣುತ್ತಿತ್ತು. ಆದರೆ ಒಂದು ಒಂಟೆಯೂ ನಡೆಯುತ್ತಿರಲಿಲ್ಲ. ಎಲ್ಲವೂ ನಿಂತುಬಿಟ್ಟಿದ್ದವು. ಇದರ ಮೇಲೆ ಗಾಜು ಬಿದ್ದರೆ ಇನ್ನು ಯಾವತ್ತೂ ಹೀಗೆಯೇ ನಿಂತಿರುತ್ತವೆ.

ಅವಳು ಕಾಗದವನ್ನು ಕೆಳಗಿಟ್ಟಳು.

"ಬಾವಾಕ, ಆಯ್ತಾ? ಯಲ್ಲಾ ಯಲ್ಲಾ, ಲೇಟಾಯ್ತು!" ಉಪ್ಪನನ್ನು ಕೂಗುತ್ತಾ ಫಿಡೆಲಿಸ್ ಅಂಕಲ್ ಬಾಗಿಲು ತಳ್ಳಿಕೊಂಡೇ ಬಂದರು.

"ಅಂಕಲ್, ನಾನು ಧೂಳು ಕ್ಲೀನ್ ಮಾಡಿದೆ."

"ಗುಡ್ ಗರ್ಲ್!"

"ಅಲ್ಲ ಅಂಕಲ್... ಚಿತ್ರದ ಒಳಗಿನ ಧೂಳು."

ಅವರು ಬಗ್ಗಿ ನೋಡಿದರು. ಮುಖದ ನಗು ಮೆಲ್ಲಗೆ ಆರಿತು. ಸದ್ದು ಕೇಳಿ ಹೊರಬಂದ ಉಪ್ಪ ತಲೆಗೆ ಕೈ ಇಟ್ಟುಕೊಂಡರು. "ಎಂತ ಮಾಡಿದ್ದು ನೀನು! ಅದು ಚಾಕ್‌ನ ಹಾಗೆ, ಮುಟ್ಟಿದ್ರೆ ಖಲಾಸ್!"

ಅವಳ ಕಣ್ಣು ತುಂಬಿ ಬಂತು.

"ಬೈಬೇಡಿ ಬಾವಾಕ" ಎನ್ನುತ್ತಾ ಅಂಕಲ್ ಕಾರಿನಿಂದ ಬಣ್ಣದ ಕಡ್ಡಿಗಳ ಡಬ್ಬಿ ತಂದರು. ಗುಲಾಬಿ ಕಡ್ಡಿ ಎತ್ತಿಕೊಂಡರು. ಚಿತ್ರದ ಹತ್ತಿರ ಹೋದ ಕೈ ಅಲ್ಲೇ ನಿಂತಿತು.

"ಹೇಗಿತ್ತೂಂತಲೇ ನೆನಪಿಲ್ಲ. ಆವತ್ತು ಕೈ ತನ್ನಷ್ಟಕ್ಕೇ ಓಡ್ತಾ ಇತ್ತು."

"ನಂಗೆ ಗೊತ್ತುಂಟು" ಎಂದಳು ನಹ್ಲಾ. ಅವಳು ಆ ಧೂಳನ್ನು ಒಂದಿಷ್ಟೂ ಬಿಡದೆ ಒರೆಸಿದ್ದಳಲ್ಲ! ಕಣ್ಣು ಮುಚ್ಚಿದಳು. "ದೊಡ್ಡ ಒಂಟೆಯ ಎದುರು ಇರ್ಲಿಲ್ಲ. ಹಿಂದೆ ಜಾಸ್ತಿ ಇತ್ತು. ಮತ್ತೆ ಆ ಟೋಪಿಯವನಿಗೆ ಕಾಲೇ ಇರ್ಲಿಲ್ಲ. ಅವ ಧೂಳಲ್ಲಿ ಈಜಿಕೊಂಡು ಹೋಗ್ತಾ ಇದ್ದ."

ಅಂಕಲ್ ಬೆರಳಿನಿಂದ ಬಣ್ಣ ಹರಡಿದರು. "ಇಷ್ಟಾ?"

"ಇನ್ನೂ ಸ್ವಲ್ಪ. ಅಲ್ಲಿ ನೇರಳೆ ಇತ್ತು."

"ಅಬ್ಬಾ, ಮೇಡಮ್ಮೇ!"

ಒಂದೊಂದೇ ಒಂಟೆ ಹೆಜ್ಜೆ ಎತ್ತಿತು. ಉಪ್ಪನೂ ಹತ್ತಿರ ಬಂದು ನೋಡತೊಡಗಿದರು. ಕೊನೆಗೆ ಉಳಿದದ್ದು ಹಿಂದಿನ ಪುಟ್ಟ ಒಂಟೆಮರಿ.

"ಮರಿಯ ಹತ್ರ ಹೇಗಿತ್ತು?"

ನಹ್ಲಾ ಕಣ್ಣು ಬಿಟ್ಟಳು. "ಅದು ಗೊತ್ತಿಲ್ಲ ಅಂಕಲ್. ಅಲ್ಲಿ ನಾನು ನೋಡ್ದೇನೇ ಒರೆಸಿದೆ."

ಅವರು ಕಡ್ಡಿಯನ್ನು ಅವಳ ಕೈಗೆ ಕೊಟ್ಟರು. "ಹಾಗಾದ್ರೆ ನೀನೇ ಹಾಕು."

"ಬೇಡ ಮಾರಾಯ್ರೇ!" ಎಂದರು ಉಪ್ಪ.

"ನೀವು ಗ್ಲಾಸ್ ತನ್ನಿ ಬಾವಾಕ."

ನಹ್ಲಾ ಮರಿಯನ್ನೇ ನೋಡಿದಳು. ಅದರ ಹಿಂಗಾಲು ಗಾಳಿಯಲ್ಲಿತ್ತು. ಸ್ವಲ್ಪ ಹೊತ್ತಿನ ಮೊದಲು ಆ ಕಾಲು ಎಲ್ಲಿದ್ದಿರಬಹುದು?

ಅವಳು ಕಾಲಿನ ಹತ್ತಿರ ಬಣ್ಣ ಹಾಕಲಿಲ್ಲ. ಒಂದು ಗೇಣು ಹಿಂದೆ, ಏನೂ ಇಲ್ಲದ ಜಾಗದಲ್ಲಿ ಕಡ್ಡಿ ಒತ್ತಿದಳು. ಉಸಿರು ಬಿಗಿಹಿಡಿದು ಬೆರಳಿನಿಂದ ಮೆಲ್ಲಗೆ ಸವರಿದಳು.

ಮರಿ ತಾಯಿಯ ಹಿಂದೆ ಓಡತೊಡಗಿತು.