ಗೋಡೆಯ ಮೇಲಿನ ನಾಲ್ಕನೇ ಬೂದು

ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಪೇಂಟರ್ ಹಣಮಂತ ನನ್ನ ಮಗಳ ಕೋಣೆಯಿಂದಲೇ ಕೂಗಿದ, “ಅಕ್ಕಾರ, ಈ ನಾಕನೇದ್ ಯಾರು ಹಚ್ಚಿದ್ರಿ?”

ಹಿಟ್ಟಿನ ಕೈಯಲ್ಲೇ ಹೋದೆ. ಮುಂಬೈ ಘಾಟ್ಕೋಪರಿನ ಈ ಹೊಸ ಫ್ಲ್ಯಾಟಿನಲ್ಲಿ ಏಳು ವರ್ಷದ ಸ್ನೇಹಲ್‌ಗೆ ಅಂತಲೇ ಒಂದು ಕೋಣೆ ಸಿಕ್ಕಿದೆ. ಒಬ್ಬಳೇ ಮಲಗಲು ಹೆದರುವ ಹುಡುಗಿ. ಬಣ್ಣ ತಾನೇ ಆರಿಸಿದರೆ ಧೈರ್ಯ ಬಂದೀತೆಂದು ಹಿಂದಿನ ದಿನ ಗೋಡೆಗೆ ಮೂರು ಬಗೆಯ ಬೂದು ಬಣ್ಣದ ಪಟ್ಟಿ ಹಚ್ಚಿಸಿದ್ದೆ. ಈಗ ನಾಲ್ಕಿದ್ದವು.

“ಮೂರರಾಗ ಫರಕ್ ಕಾಣವಲ್ದು, ನೀವು ಇನ್ನೊಂದು ಕೂಡಿಸೀರಿ!” ಎಂದು ಹಣಮಂತ ನಕ್ಕ. ನಾನೂ ನಕ್ಕೆ. ಮೂರು ಒಣಗಿದ್ದವು, ನಾಲ್ಕನೆಯದು ಮಾತ್ರ ಹಸಿ. ಮುಟ್ಟಿದರೆ ಫ್ರಿಜ್ಜಿನಿಂದ ತೆಗೆದ ಪಾತ್ರೆಯಂತೆ ತಣ್ಣಗಿತ್ತು, ಆದರೆ ಬೆರಳಿಗೆ ಬಣ್ಣ ಹತ್ತಲಿಲ್ಲ. ಹಣಮಂತ ಅದರ ಮೇಲೆ ಬಿಳಿ ಬಣ್ಣ ಬಳಿದ. ನಾವು ಚಹಾ ಕುಡಿದು ಬರುವಷ್ಟರಲ್ಲಿ ಅದು ಮತ್ತೆ ಮೂಡಿತ್ತು, ಈ ಸಲ ಒಂದು ಗೇಣು ಕೆಳಗೆ, ಸ್ನೇಹಲ್‌ಳ ಎತ್ತರಕ್ಕೆ.

ಸ್ನೇಹಲ್ ಓಡಿ ಬಂದು ಅದಕ್ಕೆ ಕೆನ್ನೆಯೊತ್ತಿ, “ಮಮ್ಮೀ, ನಂಗ ಇದೇ ಪಸಂದ್!” ಎಂದಳು. ಇವತ್ತಿನಿಂದ ಇಲ್ಲೇ ಮಲಗುತ್ತೇನೆಂದು ಕುಣಿಯುತ್ತ ಹಾಸಿಗೆಯನ್ನು ತಾನೇ ಎಳೆದು ತಂದಳು. ವರ್ಷದಿಂದ ನಾನು ಕಾದದ್ದು ಇದನ್ನೇ, ಕಣ್ಣು ತುಂಬಿ ಬಂತು.

ಹಾಸಿ ಮುಗಿಸಿದವಳು ಗೋಡೆಯ ಆ ಹಸಿ ಪಟ್ಟಿಯತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿ ಕೇಳಿದಳು, “ಮಮ್ಮೀ, ತಲೆದಿಂಬು ಒಂದ ಸಾಕಾ, ಎರಡ ಬೇಕಾ?”