ನಡಾವಳಿಯ ನಾಲ್ಕನೇ ಪುಟ

ಧಡ್!

ಹಿಂದಿನಿಂದ ಬಿದ್ದ ಹೊಡೆತಕ್ಕೆ ನನ್ನ ಪಿಕಪ್ ಮುಗ್ಗರಿಸಿತು. ಹಣೆ ಸ್ಟಿಯರಿಂಗಿಗೆ ಬಡಿಯಿತು. ಕನ್ನಡಿಯಲ್ಲಿ ನೋಡಿದೆ... ಗೋಧಿ ಸಾಗಿಸುವ ಲಾರಿ! ಮೂತಿಗೆ ಕಾಂಗರೂ ತಡೆಯುವ ಕಬ್ಬಿಣದ ಕಂಬಿಗಳು. ಅದರ ಹಿಂದೆ ಬರೀ ಕೆಂಪು ಧೂಳು.

"ಬ್ರೇಕ್ ಹಾಕು ಕ್ಲೆಮ್!" ಪಕ್ಕದ ಸೀಟಿನಲ್ಲಿ ನೊರೀನ್ ಕಿರುಚಿದರು.

"ಹಾಕಿದ್ರೆ ಇಬ್ರೂ ಅಪ್ಪಚ್ಚಿ ಆಗ್ತೀವಿ! ತಲೆ ಬಗ್ಗಿಸ್ಕೊಳ್ಳಿ!"

ಅವರು ತಲೆ ಬಗ್ಗಿಸಲಿಲ್ಲ. ಎದೆಗವಚಿದ್ದ ನೀಲಿ ಫೈಲನ್ನು ಎರಡೂ ಕೈಯಿಂದ ಮುಚ್ಚಿಕೊಂಡರು.

ನೊರೀನ್ ಪಾಸ್ಕೋಗೆ ಅರವತ್ತಮೂರು ವರ್ಷ. ನಮ್ಮ ಯಾರಬಿ ಆಸ್ಪತ್ರೆಯ ಆಡಳಿತ ಮಂಡಳಿಯಲ್ಲಿ ಹತ್ತೊಂಬತ್ತು ವರ್ಷ ಕಾರ್ಯದರ್ಶಿ. ಮಂಡಳಿ ಏನು ಮಾತಾಡಿತು, ಯಾರು ಕೈ ಎತ್ತಿದರು ಎಂದು ನಡಾವಳಿ ಬರೆಯುವುದು ಅವರ ಕೆಲಸ. ಫೈಲಿನಲ್ಲಿದ್ದದ್ದು ಅಂಥ ಒಂದು ನಡಾವಳಿ. ನಾಲ್ಕೇ ಪುಟ. ಮಧ್ಯಾಹ್ನ ಎರಡಕ್ಕೆ ಟೌನ್ ಹಾಲಿನಲ್ಲಿ ಮಂಡಳಿಯ ಬಹಿರಂಗ ಸಭೆ. ಊರಿನವರು ಎದ್ದು ನಿಂತು ಪ್ರಶ್ನೆ ಕೇಳಬಹುದಾದ, ವರ್ಷದ ಒಂದೇ ಒಂದು ದಿನ. ಅಲ್ಲಿ ಆ ಪುಟಗಳನ್ನು ಓದಬೇಕೆಂದು ನೊರೀನ್ ಹಟ ಹಿಡಿದಿದ್ದರು.

ಆಗ ಗಂಟೆ ಒಂದಕ್ಕೆ ಇಪ್ಪತ್ತು ನಿಮಿಷ ಕಡಿಮೆ.

ನಾನು ಯಾರು ಅಂತೀರಾ? ಕ್ಲೆಮ್ ರಾಫರ್ಟಿ. ಇಪ್ಪತ್ತು ವರ್ಷ ಪೊಲೀಸ್ ಕೆಲಸ. ಈಗ ಕೋರ್ಟಿನ ಸಮನ್ಸ್ ಮುಟ್ಟಿಸುತ್ತೇನೆ, ಕಳುವಾದ ಕುರಿ ಹುಡುಕುತ್ತೇನೆ. ಹಿಂದಿನ ದಿನ ಮಂಡಳಿಯ ಅಧ್ಯಕ್ಷರು, ಡಾಕ್ಟರ್ ಹಾರ್ಗ್ರೀವ್ಸ್, ಖುದ್ದಾಗಿ ನಮ್ಮ ಮನೆಗೆ ಬಂದಿದ್ದರು.

"ನೊರೀನ್ ಜೀವಕ್ಕೆ ಅಪಾಯ ಇದೆ ಕ್ಲೆಮ್. ತನ್ನ ತಂಗಿ ಮನೇಲಿ ಅವಿತ್ಕೊಂಡಿದಾಳೆ. ಸಭೆಗೆ ಹುಷಾರಾಗಿ ಕರ್ಕೊಂಡ್ಬಾ. ಯಾವ ದಾರೀಲಿ ಬರ್ತೀಯ ಅಂತ ನನಗೊಬ್ಬನಿಗೇ ಹೇಳು."

ನಂಬಿದೆ. ಯಾಕೆ ನಂಬಬಾರದು? ನನ್ನ ಇಬ್ಬರು ಮಕ್ಕಳನ್ನೂ ಭೂಮಿಗೆ ತಂದ ಕೈ ಅದು! ಹನ್ನೆರಡಕ್ಕೆ ಸರಿಯಾಗಿ ಫೋನ್ ಮಾಡಿ ಹೇಳಿದೆ: "ಹೈವೇ ಬೇಡ ಡಾಕ್ಟ್ರೇ. ಹಳೇ ಕಣಜದ ರಸ್ತೇಲಿ ಬರ್ತೀನಿ."

ಈಗ ಆ ರಸ್ತೆಯಲ್ಲೇ ಲಾರಿ.

ದಾರಿ ಗೊತ್ತಿದ್ದದ್ದು ಮೂವರಿಗೆ. ಇಬ್ಬರು ಪಿಕಪ್ಪಿನಲ್ಲಿದ್ದೆವು.

ಹಾರ್ಗ್ರೀವ್ಸ್‌ನನ್ನು 'ಅವರು' ಎನ್ನುವ ಮರ್ಯಾದೆ ನನಗೆ ಅಲ್ಲಿಗೆ ಮುಗಿಯಿತು.

ಧಡ್! ಧಡ್!

ಹಿಂದಿನ ಟೈರ್ ಸಿಡಿಯಿತು. ಆಕಾಶ ಕೆಳಗೆ ಬಂತು, ನೆಲ ಮೇಲೆ ಹೋಯಿತು. ಗಾಜು ಪುಡಿಪುಡಿಯಾಗಿ ಬಾಯಿ ತುಂಬಿತು. ಪಿಕಪ್ ಎರಡು ಸುತ್ತು ಉರುಳಿ, ಗೋಧಿ ಕಣಜದ ಕಾಂಕ್ರೀಟ್ ಗೋಡೆಗೆ ಬಡಿದು ನಿಂತಿತು.

ನೊರೀನ್‌ರನ್ನು ಕಿಟಕಿಯಿಂದ ಎಳೆದುಕೊಂಡೆ. ಹಣೆ ಒಡೆದು ರಕ್ತ ಸುರಿಯುತ್ತಿತ್ತು. ಫೈಲ್ ಮಾತ್ರ ಕಂಕುಳಲ್ಲೇ ಇತ್ತು.

ಲಾರಿಯ ಬಾಗಿಲು ತೆರೆಯಿತು. ಇಳಿದವನನ್ನು ನೋಡಿ ನೊರೀನ್‌ರನ್ನು ನನ್ನ ಬೆನ್ನ ಹಿಂದೆ ಸರಿಸಿದೆ.

ಶೇನ್ ಟಕ್. ಆರಡಿ ಐದಂಗುಲ. ನಮ್ಮೂರ ಫುಟ್‌ಬಾಲ್ ತಂಡದ ಗೋಡೆ. ಕೈಯಲ್ಲಿ ಚಕ್ರ ಬಿಚ್ಚುವ ಕಬ್ಬಿಣದ ರಾಡು.

"ಆ ಕಾಗದ ಕೊಡಿ. ಕೊಟ್ಟು ಎಲ್ಲಾದ್ರೂ ಹಾಳಾಗ್ ಹೋಗಿ!"

"ತಲೆ ಕೆಟ್ಟಿದ್ಯೇನೋ ಶೇನ್? ಸಾಯಿಸಿಬಿಡ್ತಿದ್ದೆ ನಮ್ಮನ್ನ!"

"ನೀನು ಪಕ್ಕಕ್ಕೆ ಹೋಗೋ ಮುದುಕಾ!"

ಹೋಗಲಿಲ್ಲ. ತಪ್ಪು ನನ್ನದೇ.

ರಾಡು ಬೀಸಿದ. ಎಡ ಭುಜದ ಮೂಳೆ ಲಟಕ್ಕೆಂದದ್ದು ನನ್ನ ಕಿವಿಗೇ ಕೇಳಿಸಿತು. ಬಿದ್ದೆ. ಬಿದ್ದಲ್ಲಿಂದಲೇ ಅವನ ಮೊಣಕಾಲಿಗೆ ಒದ್ದೆ. ಅವನೂ ಬಿದ್ದ. ಮೇಲೆ ಹತ್ತಿ, ಉಳಿದ ಒಂದು ಕೈಯಿಂದ ಮೂಗಿಗೆ ಗುದ್ದಿದೆ. ಒಂದು... ಎರಡು... ಮೂಗು ಚಪ್ಪಟೆಯಾಯಿತು. ಅವನು ನೊಣ ಕೊಡವುವ ಹಾಗೆ ನನ್ನನ್ನು ಕೊಡವಿ ಎಸೆದ. ಉಸಿರು ಬರುವಷ್ಟರಲ್ಲಿ ಅವನ ಬೂಟು ನನ್ನ ಗಂಟಲ ಮೇಲಿತ್ತು.

"ಕೊಡ್ತೀಯೋ, ಇವನ ಕುತ್ತಿಗೆ ಮುರೀಲೋ?" ಅವನು ನೊರೀನ್ ಕಡೆ ತಿರುಗಿ ಅರಚಿದ. ಮೂಗಿನಿಂದ ರಕ್ತ, ಕಣ್ಣಿನಿಂದ ನೀರು. "ನನ್ನ ಮಗು ಸತ್ತಿದ್ದನ್ನ ಊರೆಲ್ಲಾ ಸೇರಿಸಿ ಓದ್ತೀಯಂತೆ! ನನ್ ಹೆಂಡ್ತಿ ಬೆಲಿಂಡಾ ಹಾಸಿಗೆ ಬಿಟ್ಟೇ ಎದ್ದಿಲ್ಲ ಇನ್ನೂ... ನಿನಗೆ ಅದು ತಮಾಷೆನಾ?"

ಓಹೋ... ಹಾಗೆ!

"ಯಾರು ಹೇಳಿದ್ದು ನಿನಗೆ?" ನೊರೀನ್ ಕೇಳಿದರು. ಗಟ್ಟಿಯಾಗೇನಲ್ಲ.

"ಡಾಕ್ಟ್ರು! ಇನ್ಯಾರು? ಅವರೊಬ್ರೇ ನಮ್ಮ ಬಗ್ಗೆ ಯೋಚ್ನೆ ಮಾಡಿದ್ದು!"

ಬೂಟು ಇನ್ನಷ್ಟು ಒತ್ತಿತು. ನನ್ನ ಕಣ್ಣಿಗೆ ಕತ್ತಲು ಕವಿಯತೊಡಗಿತು.

ನೊರೀನ್ ಓಡಲಿಲ್ಲ. ಕುಂಟುತ್ತಾ ನೇರ ಅವನ ಬಳಿಗೇ ಬಂದರು. ಫೈಲ್ ತೆರೆದು ಕೊನೆಯ ಹಾಳೆಯನ್ನು ಅವನ ಮುಖದ ಮುಂದೆ ಹಿಡಿದರು.

"ಮಗು ಹೆಸರು ಇದರಲ್ಲಿಲ್ಲ ಶೇನ್. ನಿನ್ನ ಹೆಸರೂ ಇಲ್ಲ. ಇದ್ದಿದ್ರೆ ಓದ್ತಾನೇ ಇರ್ಲಿಲ್ಲ. ತಗೋ. ಮೊದ್ಲು ನೀನು ಓದು. ಆಮೇಲೆ ಹರಿದು ಹಾಕ್ಬೇಕು ಅನ್ಸಿದ್ರೆ ಹರಿದು ಹಾಕು. ನಾನು ತಡೆಯಲ್ಲ."

ಅವನು ಓದಿದ. ತುಟಿ ಅಲುಗಾಡಿಸುತ್ತಾ, ಒಂದೊಂದೇ ಪದ.

ಬೂಟಿನ ಭಾರ ಮೆಲ್ಲಗೆ ಇಳಿಯಿತು. ನಾನು ಕೆಮ್ಮುತ್ತಾ ಹೊರಳಿದೆ.

ಮತ್ತೊಂದು ಸಲ ಓದಿದ.

"ಐದು ಸಲಾನಾ?" ಎಂದ. ದನಿ ಚಿಕ್ಕ ಮಗುವಿನದಾಗಿತ್ತು. "ನರ್ಸು ಐದು ಸಲ ಫೋನ್ ಮಾಡಿದ್ಲಾ?"

"ಹೂಂ ಕಣಪ್ಪ."

"ನಮಗೆ ಹೊಕ್ಕುಳ ಬಳ್ಳಿ ಸುತ್ಕೊಂಡಿತ್ತು ಅಂದ್ರು... ಯಾರ ಕೈಲೂ ಏನೂ ಆಗ್ತಿರ್ಲಿಲ್ಲ ಅಂದ್ರು..."

ಶೇನ್ ಹಿಂದಕ್ಕೆ ತಿರುಗಿ ಕಣಜದ ಗೋಡೆಗೆ ಗುದ್ದಿದ. ಬೆರಳ ಗಂಟುಗಳು ಒಡೆಯುವವರೆಗೆ ಗುದ್ದಿದ. ಆಮೇಲೆ ಬಂದು ನನ್ನನ್ನು ಕುರಿಮರಿಯಂತೆ ಎತ್ತಿ ಲಾರಿಯಲ್ಲಿ ಕೂರಿಸಿದ.

"ನೋವಾಯ್ತಾ?" ಎಂದ.

"ಇಲ್ಲ ಗುರು. ಕಚಗುಳಿ ಇಟ್ಟ ಹಾಗಾಯ್ತು."

ಟೌನ್ ಹಾಲ್ ತಲುಪಿದಾಗ ಎರಡೂ ಇಪ್ಪತ್ತು. ಒಳಗೆ ಇನ್ನೂರು ಜನ. ಫೆಬ್ರವರಿಯ ಸೆಕೆಗೆ ಎಲ್ಲರ ಕೈಯಲ್ಲೂ ವಾರ್ಷಿಕ ವರದಿಯ ಬೀಸಣಿಗೆ. ವೇದಿಕೆಯ ಮೇಲೆ ಮಂಡಳಿಯ ಏಳು ಜನ. ನಡುವೆ ಹಾರ್ಗ್ರೀವ್ಸ್, ಬಿಳಿ ಅಂಗಿ, ಬಿಳಿ ಕೂದಲು.

"...ಭಾರವಾದ ಮನಸ್ಸಿಂದ ಹೆರಿಗೆ ವಾರ್ಡ್ ಮುಚ್ಚಿದೀವಿ. ಹೆರಿಗೆ ನರ್ಸ್‌ಗಳೇ ಸಿಗ್ತಿಲ್ಲ. ನಾವಾದ್ರೂ ಏನ್ಮಾಡೋಕಾಗುತ್ತೆ?"

ಬಾಗಿಲು ದಡಾರನೆ ತೆರೆಯಿತು.

ಇನ್ನೂರು ತಲೆಗಳು ತಿರುಗಿದವು. ಚಪ್ಪಟೆ ಮೂಗಿನ ದೈತ್ಯ, ಹಣೆಯೊಡೆದ ಮುದುಕಿ, ಭುಜ ಜೋತುಬಿದ್ದ ನಾನು. ನಮ್ಮನ್ನು ನೋಡಿ ಹಾರ್ಗ್ರೀವ್ಸ್ ಕೈಯಲ್ಲಿದ್ದ ವರದಿಯನ್ನು ಕೆಳಗಿಟ್ಟ.

"ಪ್ರಶ್ನೆ ಇದೆ," ಎಂದರು ನೊರೀನ್.

ಅವನ ಕಣ್ಣು ಹಾಳೆಯ ಮೇಲೆ ಬಿತ್ತು. "ಅದು ಗೋಪ್ಯ ಸಭೆಯ ನಡಾವಳಿ! ಅದನ್ನ ಹೊರಗೆ ಓದೋದು ಅಪರಾಧ! ಸತ್ತ ಮಗುವಿನ ಮನೆಯೋರ ಮಾನದ ಪ್ರಶ್ನೆ..."

"ಮನೆಯೋನು ನಾನು," ಎಂದ ಶೇನ್. "ನಾನೇ ಓದ್ತೀನಿ."

ಹಾಲಿನಲ್ಲಿ ಬೀಸಣಿಗೆಗಳು ನಿಂತವು.

ಅವನು ರಕ್ತ ಮೆತ್ತಿದ ಬೆರಳನ್ನು ಸಾಲಿನ ಕೆಳಗೆ ಸರಿಸುತ್ತಾ ಓದಿದ: "ಅಕ್ಟೋಬರ್ ಒಂಬತ್ತರಂದು ಮೃತಪಟ್ಟ ಶಿಶುವಿನ ಪ್ರಕರಣ. ನರ್ಸ್ ಐದು ಬಾರಿ ದೂರವಾಣಿ ಕರೆ ಮಾಡಿದರೂ ಡಾ. ಹಾರ್ಗ್ರೀವ್ಸ್ ಮೂರು ಗಂಟೆಗಳವರೆಗೆ ಬಂದಿರುವುದಿಲ್ಲ. ವಾರ್ಡನ್ನೇ ಮುಚ್ಚಿದಲ್ಲಿ ತನಿಖೆಯ ಅಗತ್ಯ ಬೀಳುವುದಿಲ್ಲವೆಂದು ಅಧ್ಯಕ್ಷರು ಸೂಚಿಸಿದರು. ಸರ್ವಾನುಮತದಿಂದ ಅಂಗೀಕರಿಸಲಾಯಿತು. ಸಾರ್ವಜನಿಕರಿಗೆ ನರ್ಸ್‌ಗಳ ಕೊರತೆಯೆಂದು ತಿಳಿಸತಕ್ಕದ್ದು."

ಹಾಳೆ ಮಡಚಿದ.

"ಶಿಶು ಅಂತ ಬರ್ದಿದೀರ. ಅವಳಿಗೆ ಹೆಸರಿದೆ. ಎಡಿತ್."

ಮೂರನೇ ಸಾಲಿನಲ್ಲಿ ಒಬ್ಬಳು ಎದ್ದಳು. ಮುಚ್ಚಿದ ವಾರ್ಡಿನ ನರ್ಸ್. "ನಾವು ಮೂರು ಜನ ಕೆಲಸದಲ್ಲೇ ಇರ್ತೀವಿ ಅಂತ ಬರ್ದು ಕೊಟ್ಟಿದ್ವಿ!" ಎಂದು ಕೂಗಿದಳು. ಆಮೇಲೆ ಇಡೀ ಹಾಲೇ ಎದ್ದಿತು. ಕುರ್ಚಿಗಳು ಹಾರಿದವು. ಮಂಡಳಿಯ ಆರು ಜನ ಮೇಜಿನ ಕೆಳಗೆ ನುಗ್ಗಿದರು.

ಹಾರ್ಗ್ರೀವ್ಸ್ ಪಕ್ಕದ ಬಾಗಿಲಿಗೆ ಓಡಿದ. ಶೇನ್ ಅವನಿಗಿಂತ ಮೊದಲು ಅಲ್ಲಿದ್ದ.

ನಾನು ಅವರಿಂದ ಎರಡೇ ಹೆಜ್ಜೆ ದೂರದಲ್ಲಿದ್ದೆ. ತಡೆಯಬಹುದಿತ್ತು. ಎಡ ಭುಜ ಮುರಿದಿತ್ತು ನಿಜ... ಬಲಗೈ ಚೆನ್ನಾಗಿಯೇ ಇತ್ತು. ಅದನ್ನು ಜೇಬಿಗೆ ಹಾಕಿಕೊಂಡೆ.

ಒಂದೇ ಏಟು. ದವಡೆ ಎರಡು ಕಡೆ ಮುರಿಯಿತು.

ಎರಡನೆಯದಕ್ಕೆ ಶೇನ್ ಕೈ ಎತ್ತಿದಾಗ ನೊರೀನ್ ಆ ಕೈ ಹಿಡಿದುಕೊಂಡು, "ಸಾಕು ಮಗಾ. ಬೆಲಿಂಡಾ ಹತ್ರ ಹೋಗು," ಎಂದರು. ಅವನು ಅಲ್ಲೇ ಕುಸಿದು, ಅವರ ಸೊಂಟಕ್ಕೆ ಮುಖವೊತ್ತಿ ಬಿಕ್ಕಿದ.

ಪೊಲೀಸರು ಬಂದರು. ಶೇನ್‌ಗೆ ಹದಿನಾಲ್ಕು ತಿಂಗಳು ಜೈಲಾಯಿತು. ಲಾರಿಯ ವಿಷಯದಲ್ಲಿ ನಾನು ಅವನ ಪರವಾಗಿ ಸಾಕ್ಷಿ ಹೇಳಿದೆ, ಇಲ್ಲದಿದ್ದರೆ ಇನ್ನೂ ಜಾಸ್ತಿಯಾಗುತ್ತಿತ್ತು. ಮಂಡಳಿಯ ಏಳೂ ಜನ ಸ್ಥಾನ ಕಳೆದುಕೊಂಡರು. ಮಗುವಿನ ಸಾವಿನ ತನಿಖೆ ಶುರುವಾಯಿತು. ಹಾರ್ಗ್ರೀವ್ಸ್ ಉತ್ತರಗಳನ್ನು ಬರೆದು ಕೊಡುತ್ತಿದ್ದಾನಂತೆ.

ಅಂದ ಹಾಗೆ, ದವಡೆ ಕೂಡಿಸುವ ವೈದ್ಯರು ನಮ್ಮೂರಲ್ಲಿಲ್ಲ. ನೂರಾ ನಲವತ್ತು ಕಿಲೋಮೀಟರ್ ಆಚೆಯ ಪಟ್ಟಣಕ್ಕೆ ಅವನನ್ನು ಆಂಬುಲೆನ್ಸಿನಲ್ಲಿ ಒಯ್ದರು. ಈಗ ನಮ್ಮೂರ ಬಸುರಿಯರು ನೋವು ತಿನ್ನುತ್ತಾ ಹೋಗುವುದೂ ಅದೇ ರಸ್ತೆಯಲ್ಲಿ.

ದಾರಿ ತುಂಬಾ ಗುಂಡಿಗಳಂತೆ... ಬರೆದು ದೂರು ಕೊಟ್ಟಿದ್ದಾನೆ!