ಹೊಲಸು ತಿನ್ನುವ ಮುತ್ತುಗಳು

ಬಹಳ ಹಿಂದೆ, ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲದಲ್ಲಿ, ಕೊಡಚಾಳ ಎಂಬ ರಾಜ್ಯವಿತ್ತು. ನನ್ನ ಕಣ್ಣಾರೆ ಕಂಡಿದ್ದೇನೆ, ಅನುಮಾನವಿದ್ದರೆ ಕಾಗೆಯನ್ನೇ ಕೇಳಿ.

ಅರಮನೆಯ ಹೊಲಸೆಲ್ಲ ಕೋಟೆಯಾಚೆಯ ಹೊಂಡಕ್ಕೆ ಬೀಳುತ್ತಿತ್ತು. ಅಲ್ಲಿ ಕರಿನಾತ ಎಂಬ ಭೂತ ಎಮ್ಮೆಯ ಗಾತ್ರಕ್ಕೆ ಕೊಬ್ಬಿತ್ತು. ಅದು ಮೀಯುವ ನೀರೇ ಕಾಲುವೆಯಲ್ಲಿ ಹರಿದು ಕೆಳಗೇರಿಯವರ ಕೊಡ ಸೇರುತ್ತಿತ್ತು. ಆ ಕೇರಿಯಲ್ಲೇ ಇದ್ದರು ಚರಂಡಿ ಬಾಚುವ ಮಾರೆಪ್ಪ, ಅವನ ಹೆಂಡತಿ ಹುಲಿಗೆವ್ವ. ಅವರ ಎರಡು ಕೂಸುಗಳು ಆ ನೀರು ಕುಡಿದೇ ಸತ್ತಿದ್ದವು. ಮೂರನೆಯದು ತೊಟ್ಟಿಲಲ್ಲಿ ಭೇದಿಯಿಂದ ಬಾಡುತ್ತಿತ್ತು.

ಮಾರೆಪ್ಪ ಮಚ್ಚು ಹಿಡಿದು ಹೊಂಡಕ್ಕಿಳಿದ. ಮುದಿ ಆಮೆಯೊಂದು ತಲೆ ಎತ್ತಿತು.

"ಮಚ್ಚಿಗೆ ಅದು ಸಾಯಲ್ಲ ಕಣೋ. ಅದನ್ನ ತಿನ್ನೋರು ಬೇಕು. ಈ ಹೊಲಸಲ್ಲೇ ಕಣ್ಣಿಗೆ ಕಾಣದ ಜೀವಿಗಳಿವೆ. ಅವು ಒಂದಕ್ಕೊಂದು ಅಂಟಿ ಉಂಡೆ ಕಟ್ಟಬೇಕು."

ಅದಕ್ಕೆ ಮೂರು ಪರೀಕ್ಷೆ ಎಂದಿತು. ಮೊದಲನೆಯದು, ಬಾನಿಯಲ್ಲಿ ಅವಕ್ಕೆ ಹೊಟ್ಟೆ ಬಿರಿಯುವಷ್ಟು ಹೊಲಸು ಕೊಟ್ಟು, ಆಮೇಲೆ ಉಪವಾಸ ಕೆಡವಬೇಕು. ಹಸಿವು ಬಲ್ಲ ಮಾರೆಪ್ಪನಿಗೆ ಕಷ್ಟವಾಯಿತು, ಆದರೂ ಕೆಡವಿದ. ಎರಡನೆಯದು, ಗಾಳಿ ಸೇರುವಂತೆ ಕಡೆಯಬೇಕು. ರಟ್ಟೆ ಬೀಳುವ ತನಕ ಕಡೆದ. ಮೂರನೆಯದು, ಕಡೆಯುವುದನ್ನು ನಿಲ್ಲಿಸಿ ಹತ್ತು ಎಣಿಸುವಷ್ಟರಲ್ಲಿ ತಳಕ್ಕೆ ಇಳಿದವನ್ನು ಉಳಿಸಿ, ತೇಲುವವನ್ನು ಸುರಿದುಬಿಡಬೇಕು.

"ಅವೂ ಜೀವ ಅಲ್ವಾ?" ಎಂದ ಮಾರೆಪ್ಪ.

"ಹೌದು. ಸುರಿ."

ದಿನವೂ ಹೀಗೇ ಮಾಡಿ ಮೂರು ತಿಂಗಳಾದಾಗ ತಳದಲ್ಲಿ ಎಳ್ಳಿನಷ್ಟು ದೊಡ್ಡ, ಜೇನುಬಣ್ಣದ ಉಂಡೆಗಳು ಹೊಳೆದವು. ಹೊರಗಿನವು ಗಾಳಿ ಉಸಿರಾಡುತ್ತ, ಒಳಗಿನವು ಕತ್ತಲಲ್ಲೇ ಉಣ್ಣುತ್ತ, ಒಂದೇ ಮನೆಯವರಂತೆ ಬಾಳುತ್ತಿದ್ದವು. ಹೊಂಡಕ್ಕೆ ಬಿಟ್ಟದ್ದೇ ತಡ, ಭೂತ ಇಳಿದು ಬೆಕ್ಕಿನಷ್ಟಾಯಿತು. ಕಾಲುವೆ ತಿಳಿಯಾಯಿತು. ಕೂಸು ಮೊಲೆಗೆ ಬಾಯಿ ಹಾಕಿತು.

ಸುದ್ದಿ ಕೇಳಿ ದೊರೆ ಮೂಗು ಮುಚ್ಚಿಕೊಂಡು ಬಂದ. ಉಂಡೆ ನೋಡಿ ಮುತ್ತು ಎಂದ. ಹೊಲಸೇ ಇವುಗಳ ಅನ್ನ, ಎತ್ತಿದರೆ ಸಾಯುತ್ತವೆ, ಭೂತ ಮತ್ತೆ ಕೊಬ್ಬುತ್ತದೆ ಎಂದು ಮಾರೆಪ್ಪ ಕಾಲಿಗೆ ಬಿದ್ದ. ಇಂಥ ಮುತ್ತುಗಳು ಹೊಲಸು ತಿಂದು ಬದುಕುವುದೇ ಎಂದು ದೊರೆಗೆ ನಿಜವಾಗಿಯೂ ಕಣ್ಣೀರು ಬಂತು. ಎತ್ತಿಸಿ, ಮೂರು ಸಲ ಪನ್ನೀರಲ್ಲಿ ತೊಳೆಸಿ, ರಾಣಿಗೆ ಹಾರ ಮಾಡಿಸಿದ. ಎಂಟನೇ ದಿನಕ್ಕೆ ಹಾರ ರಾಣಿಯ ಕೊರಳಲ್ಲೇ ಕೊಳೆಯಿತು. ಹೊಂಡದಲ್ಲಿ ಭೂತ ಮತ್ತೆ ಎಮ್ಮೆಯಾಯಿತು.

ತಿಂಗಳೊಳಗೆ ಕೂಸು ಸತ್ತಿತು.

ಮಣ್ಣು ಮಾಡಿ ಬಂದ ಮಾರೆಪ್ಪ ಮತ್ತೆ ಬಾನಿಯ ಮುಂದೆ ಕೂತ. ಕೇರಿಯಲ್ಲಿ ಇನ್ನೂ ತೊಟ್ಟಿಲುಗಳಿದ್ದವು. ಉಣಿಸಿದ, ಉಪವಾಸ ಕೆಡವಿದ, ಕಡೆದ, ಸುರಿದ. ಈ ಸಲ ಉಂಡೆಗಳಿಗೆ ಮಸಿ ಬಳಿದ. ನೋಡಲು ಬಂದ ಮಂತ್ರಿ, ಆಡಿನ ಹಿಕ್ಕೆ ಎಂದು ಉಗಿದು ಹೋದ. ಭೂತ ಬೆಕ್ಕಾಯಿತು, ಇಲಿಯಾಯಿತು, ಗುಳ್ಳೆಯಾಗಿ ಒಡೆದುಹೋಯಿತು.

ದೊರೆಯ ಪನ್ನೀರಿಗೇ ಭೂತ ಸತ್ತಿತೆಂದು ಆಸ್ಥಾನದವರು ಹಾಡು ಕಟ್ಟಿದರು. ಕೃತಜ್ಞತೆ ಸ್ವೀಕರಿಸಲು ದೊರೆ ಖುದ್ದಾಗಿ ಕೇರಿಗೆ ಬಂದ. ಹುಲಿಗೆವ್ವ ಕಾಲುವೆಯಿಂದ ಒಂದು ಚಂಬು ನೀರು ತುಂಬಿ ಅವನ ಮುಂದೆ ಹಿಡಿದಳು.

"ಕುಡೀರಿ ದೊರೆ. ಮೂರು ತಿಂಗಳ ಹಿಂದೆ ಬಂದಿದ್ರೆ, ನನ್ನ ಕೂಸು ಕುಡಿದ ನೀರು ಕೊಡ್ತಿದ್ದೆ."

ದೊರೆ ಗಟಗಟ ಕುಡಿದು, ಬಹಳ ಸಿಹಿಯಾಗಿದೆ ಎಂದ.

ಆಮೇಲೆ ಕೊಡಚಾಳದಲ್ಲಿ ಎಲ್ಲರೂ ಸುಖವಾಗಿ ಬಾಳಿದರು ಅಂತ ಮುಗಿಸಬೇಕು. ಮುಗಿಸಿದೆ.